ಗೋಲು ತಡೆದವರ ಲೆಕ್ಕ ಬರೆಯುವವರು ಯಾರು?

ಸೋದರಿಯರೇ, ಹಾಕಿ ಎಂದ ಕೂಡಲೇ ಪುಟ ಮಗುಚಬೇಡಿ. ಮುಂದಿನ ಪುಟದ ಒತ್ತು ಶ್ಯಾವಿಗೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಹತ್ತು ನಿಮಿಷ ನನ್ನ ಮಾತು ಕೇಳಿ, ಆಮೇಲೆ ಹಿಟ್ಟು ಬೇಯಿಸಲು ಇಡಿ.

ನನಗೇಕೆ ಹಾಕಿಯ ಉಸಾಬರಿ ಅಂತೀರಾ? ನನ್ನ ತವರು ಕೊಡಗಿನ ಸೋಮವಾರಪೇಟೆ. ಭಾರತ ತಂಡದಲ್ಲಿ ಗಾಳಿಯ ಹಾಗೆ ಓಡುತ್ತಿದ್ದ ಎಸ್.ವಿ. ಸುನಿಲ್ ಅವರದೂ ಅದೇ ಊರು. ನಮ್ಮ ಕಡೆ ಮಕ್ಕಳ ಕೈಗೆ ಬಳಪಕ್ಕಿಂತ ಮೊದಲು ಹಾಕಿ ಕೋಲು ಸಿಗುತ್ತದೆ ಅಂತ ತಮಾಷೆ ಮಾಡುವುದುಂಟು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ಎಷ್ಟು ಬೆಳೆದಿದೆ ಎಂದರೆ, 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳ ತಂಡಗಳು ಬಂದಿದ್ದವು. ನಾನು ಕೊಡವಳಲ್ಲ. ಆದರೂ ಹೈಸ್ಕೂಲಿನಲ್ಲಿ ಎರಡು ವರ್ಷ ಫುಲ್ ಬ್ಯಾಕ್ ಆಡಿದವಳು. ಎಸ್ಸೆಸ್ಸೆಲ್ಸಿ ಆಯಿತು, ಕೋಲು ಅಟ್ಟ ಸೇರಿತು. ಮದುವೆಯಾಗಿ ಬೆಂಗಳೂರಿನ ಬನಶಂಕರಿಗೆ ಬಂದೆ. ಮೇಲಿನ ಮನೆಯಲ್ಲಿ ನಾವು. ಕೆಳಗಿನ ಮನೆಯಲ್ಲಿ ನಮ್ಮ ಭಾವನವರು, ಓರಗಿತ್ತಿ, ಅತ್ತೆ. ಇವರೆಲ್ಲ ಮುಂದೆ ಬರುತ್ತಾರೆ, ನೆನಪಿಟ್ಟುಕೊಳ್ಳಿ.

ಭೀಮನ ಅಮಾವಾಸ್ಯೆಯ ಆ ಮಧ್ಯಾಹ್ನ

2024ರ ಆಗಸ್ಟ್ 4, ಭಾನುವಾರ. ಅಂದು ಭೀಮನ ಅಮಾವಾಸ್ಯೆ. ಬೆಳಿಗ್ಗೆ ಪೂಜೆ ಮುಗಿಸಿದ್ದೆ. ಭಂಡಾರ ಒಡೆಯಲು ನನ್ನ ತಮ್ಮ ಜೆ.ಪಿ. ನಗರದಿಂದ ಬಂದಿದ್ದ. ಹೊಸ್ತಿಲ ಮೇಲೆ ಇಟ್ಟ ಕಡುಬನ್ನು ಮೊಣಕೈಯಿಂದ ಗುದ್ದಿ ಒಡೆದವನೇ ಕೈ ತೊಳೆದು ಟೀವಿ ಮುಂದೆ ಕೂತ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಗಂಡಸರ ತಂಡಕ್ಕೂ ಬ್ರಿಟನ್ ತಂಡಕ್ಕೂ ಕ್ವಾರ್ಟರ್ ಫೈನಲ್. ನಮ್ಮಲ್ಲಿ ಮಧ್ಯಾಹ್ನ ಒಂದೂವರೆಗೆ ಆಟ ಶುರು. ಎಲೆ ಹಾಕುವ ಹೊತ್ತು ಅದೇ! ನಾನು ಸಾರಿನ ಪಾತ್ರೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದೆ.

ಆಟದ ಹದಿನೇಳನೆಯ ನಿಮಿಷ. ನಮ್ಮ ಹಿಂಬದಿ ಆಟಗಾರ ಅಮಿತ್ ರೋಹಿದಾಸ್ ಚೆಂಡು ತೆಗೆದುಕೊಂಡು ಹೋಗುವಾಗ ಅವರ ಕೋಲು ಮೇಲೆದ್ದು ಬ್ರಿಟನ್ನಿನ ಆಟಗಾರನ ಮುಖಕ್ಕೆ ತಗುಲಿತು. ಬೇಕೆಂದೇ ಹೊಡೆದದ್ದಲ್ಲ ಅಂತ ನಮ್ಮವರು ಹೇಳಿದರು. ವಿಡಿಯೋ ನೋಡಿದ ಮೇಲೆ ತೀರ್ಪು ಬಂತು: ಕೆಂಪು ಕಾರ್ಡು.

ಹಾಕಿಯ ಕಾರ್ಡು ಗೊತ್ತಿಲ್ಲದವರಿಗೆ ಒಂದು ಮಾತು. ಹಸಿರು ಕಾರ್ಡು ತೋರಿಸಿದರೆ ಎರಡು ನಿಮಿಷ ಹೊರಗೆ ಕೂರಬೇಕು. ಹಳದಿಯಾದರೆ ಕನಿಷ್ಠ ಐದು ನಿಮಿಷ. ಕೆಂಪು ಎಂದರೆ ಆವತ್ತಿನ ಆಟ ಮುಗಿದಂತೆಯೇ. ಬದಲಿಗೆ ಇನ್ನೊಬ್ಬರನ್ನು ಇಳಿಸುವಂತಿಲ್ಲ. ಅಂದರೆ ಉಳಿದ ನಲವತ್ತಮೂರು ನಿಮಿಷ ನಮ್ಮವರು ಹನ್ನೊಂದರ ಬದಲು ಹತ್ತೇ ಜನ ಆಡಬೇಕಾಯಿತು.

ನಮ್ಮ ಯಜಮಾನರು "ಮುಗೀತು, ಊಟಕ್ಕೆ ಬಡಿಸು" ಅಂದರು. ಆದರೆ ಮುಗಿಯಲಿಲ್ಲ. ಹತ್ತು ಜನ ಇದ್ದಾಗಲೇ ಇಪ್ಪತ್ತೆರಡನೆಯ ನಿಮಿಷಕ್ಕೆ ನಾಯಕ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದರು. ಇಪ್ಪತ್ತೇಳಕ್ಕೆ ಬ್ರಿಟನ್ನಿನ ಲೀ ಮಾರ್ಟನ್ ಸಮ ಮಾಡಿದರು. ಆಮೇಲಿನದು ಆಟವೇ ಅಲ್ಲ, ಮುತ್ತಿಗೆ. ಬ್ರಿಟನ್ನಿಗೆ ಒಂದಾದ ಮೇಲೊಂದು ಪೆನಾಲ್ಟಿ ಕಾರ್ನರ್. ಒಂದೂ ಗೋಲಾಗಲಿಲ್ಲ. 1-1ಕ್ಕೆ ನಿಂತ ಆಟ ಶೂಟ್ ಔಟ್‌ಗೆ ಹೋಯಿತು. ಗೋಲಿ ಶ್ರೀಜೇಶ್ ಬಂಡೆಯ ಹಾಗೆ ನಿಂತರು. 4-2ರಲ್ಲಿ ನಾವು ಗೆದ್ದೆವು. ಅಷ್ಟರಲ್ಲಿ ನನ್ನ ಸಾರು ಆರಿ ತಣ್ಣಗಾಗಿತ್ತು ಅನ್ನುವುದು ಬೇರೆ ಮಾತು.

ಊಟಕ್ಕೆ ಕೂತ ನನ್ನ ತಮ್ಮ ಹೇಳಿದ: "ನೋಡಕ್ಕಾ, ಆ ರೋಹಿದಾಸ್ ಇಲ್ದೇನೂ ನಡೀತು. ಮನ್‌ಪ್ರೀತ್ ಹಿಂದಕ್ಕೆ ಬಂದು ಹೆಂಗೆ ನಿಂತ್ಕೊಂಡ! ಒಬ್ಬ ಹಾಳು ಮಾಡಿದ್ದನ್ನ ಇನ್ನೊಬ್ಬ ಉಳಿಸಿದ. ಇವರಿಬ್ಬರಲ್ಲಿ ಯಾರು ದೊಡ್ಡೋರು ಅಂತ ಇವತ್ತೇ ತೀರ್ಮಾನ ಆಗೋಯ್ತು."

ನಾನು ಅನ್ನ ಬಡಿಸುತ್ತಾ "ಅಷ್ಟು ಬೇಗ ತೀರ್ಮಾನ ಮಾಡಬೇಡ ಕಣೋ" ಅಂದೆ. ಯಾಕೆ ಹಾಗೆ ಅಂದೆ ಎಂದು ಹೇಳಬೇಕಾದರೆ ಪೆನಾಲ್ಟಿ ಕಾರ್ನರ್ ಎಂದರೇನು ಅಂತ ನಿಮಗೆ ಹೇಳಲೇಬೇಕು.

ಒಂದೂವರೆ ಸೆಕೆಂಡಿನ ಕೆಲಸ

ಗೋಲಿನ ಮುಂದೆ ಅರ್ಧ ಚಂದ್ರನ ಹಾಗೆ ಒಂದು ಗೆರೆ ಇರುತ್ತದೆ, ನೋಡಿದ್ದೀರಿ. ಅದರೊಳಗೆ ತಪ್ಪು ಮಾಡಿದರೆ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಆಗ ತಡೆಯುವ ತಂಡದಲ್ಲಿ ಗೋಲಿಯೂ ಸೇರಿ ಐದೇ ಜನ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಉಳಿದವರು ಮೈದಾನದ ನಡುಗೆರೆಯ ಆಚೆ ಹೋಗಬೇಕು. ತಂಡದಲ್ಲಿ ಹನ್ನೊಂದು ಜನ ಇರಲಿ, ಹತ್ತು ಜನ ಇರಲಿ, ಆ ಗಳಿಗೆಯಲ್ಲಿ ತಡೆಯುವವರು ಐದೇ. ಆದ್ದರಿಂದ ಕೆಂಪು ಕಾರ್ಡಿನಿಂದ ತಲೆ ಎಣಿಕೆ ಕಡಿಮೆಯಾಗಲಿಲ್ಲ. ಆ ಐವರಲ್ಲಿ ದಿನವೂ ಅದೇ ಕೆಲಸ ಮಾಡುವ ಮನುಷ್ಯ ಇರಲಿಲ್ಲ, ಅಷ್ಟೆ.

ಎದುರಾಳಿ ಗೋಲಿನ ಕಂಬದಿಂದ ಹತ್ತು ಮೀಟರ್ ದೂರದಲ್ಲಿ ನಿಂತು ಚೆಂಡನ್ನು ಹೊರಕ್ಕೆ ತಳ್ಳುತ್ತಾರೆ. ಗೆರೆಯ ಆಚೆ ಒಬ್ಬರು ಅದನ್ನು ನಿಲ್ಲಿಸುತ್ತಾರೆ. ಇನ್ನೊಬ್ಬರು ಕೋಲಿನಲ್ಲಿ ಚೆಂಡನ್ನು ಎಳೆದು ಕವಣೆ ಬೀಸಿದ ಹಾಗೆ ಗೋಲಿನ ಕಡೆ ಎಸೆಯುತ್ತಾರೆ. ಇದಕ್ಕೆ ಡ್ರ್ಯಾಗ್ ಫ್ಲಿಕ್ ಅಂತ ಹೆಸರು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಇದರಲ್ಲಿ ಹೆಸರು ಮಾಡಿದ್ದವರು. ಆ ಚೆಂಡಿನ ವೇಗ ಗಂಟೆಗೆ ನೂರು ಕಿಲೋಮೀಟರು ದಾಟುತ್ತದೆ. ಮೈಸೂರು ರಸ್ತೆಯಲ್ಲಿ ಹೋಗುವ ಬಸ್ಸಿಗಿಂತ ಜೋರು! ತಳ್ಳುವುದರಿಂದ ಎಸೆಯುವವರೆಗೆ ಸುಮಾರು ಒಂದೂವರೆ ಸೆಕೆಂಡು. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಷ್ಟರೊಳಗೆ ತಡೆಯುವವರಲ್ಲಿ ಒಬ್ಬರು ಗೋಲಿನ ಬಳಿಯಿಂದ ಹೊರಟು, ಎಸೆಯುವವರ ಎದುರಿಗೇ ಬಾಣದಂತೆ ಓಡಬೇಕು. ಇವರನ್ನು 'ಮೊದಲ ರಷರ್' ಅನ್ನುತ್ತಾರೆ. ಇವರು ಚೆಂಡನ್ನು ಕಿತ್ತುಕೊಂಡರೆ ಭಾಗ್ಯ. ಕಿತ್ತುಕೊಳ್ಳದಿದ್ದರೂ ಕೋಲು ಚಾಚಿ ಗೋಲಿನ ಒಂದು ಬದಿಯನ್ನು ಮುಚ್ಚಬೇಕು. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಒಂದು ಬದಿ ಮುಚ್ಚಿದರೆ ಗೋಲಿಗೆ ಕಾಯಲು ಇನ್ನೊಂದು ಬದಿ ಮಾತ್ರ ಉಳಿಯುತ್ತದೆ. ಎರಡನೆಯವರು ಮರಳಿ ಬರುವ ಚೆಂಡಿಗೆ ಓಡುತ್ತಾರೆ. ಕಂಬದ ಪಕ್ಕ ಒಬ್ಬರು ನಿಲ್ಲುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಮೂಲೆ.

ಓಡುವವರು ಮುಖಕ್ಕೆ ಮುಖವಾಡ, ಕೈಗೆ ಗವುಸು, ಮೊಣಕಾಲಿಗೆ ಕವಚ ಹಾಕಿಕೊಳ್ಳುತ್ತಾರೆ. ನಮ್ಮ ಶಾಲೆಯಲ್ಲಿ ಅವೆಲ್ಲ ಎಲ್ಲಿತ್ತು! ಡ್ರಿಲ್ ಮೇಷ್ಟ್ರು "ಚೆಂಡು ನೋಡಬೇಡ, ಅವಳ ಕೋಲು ನೋಡ್ಕೊಂಡು ಓಡು" ಅನ್ನುತ್ತಿದ್ದರು. ಒಂದು ಸಲ ಮೊಣಕಾಲ ಕೆಳಗೆ ಬಿದ್ದ ಪೆಟ್ಟಿನ ಗಂಟು ಇವತ್ತಿಗೂ ಇದೆ. ಇನ್ನೊಂದು ನಿಯಮ ಕೇಳಿ. ಚೆಂಡು ತಳ್ಳುವ ಮೊದಲೇ ಓಡಿಬಿಟ್ಟರೆ ಆ ಆಟಗಾರ ನಡುಗೆರೆಗೆ ಹೋಗಬೇಕು, ಐವರಿದ್ದವರು ನಾಲ್ವರಾಗುತ್ತಾರೆ. ಅವಸರ ಮಾಡಿದರೂ ಕೇಡು, ತಡ ಮಾಡಿದರೂ ಕೇಡು.

ನಮ್ಮ ತಂಡದಲ್ಲಿ ಈ ಮೊದಲು ಓಡುವ ಕೆಲಸ ರೋಹಿದಾಸ್ ಅವರದು. ಒಡಿಶಾದ ಸುಂದರ್‌ಗಢ ಜಿಲ್ಲೆಯ ಸೌನಾಮಾರಾ ಎಂಬ ಹಳ್ಳಿಯವರು. ಹಿಂದಿನ ನಾಯಕ ದಿಲೀಪ್ ಟಿರ್ಕೆ ಅವರ ಹಳ್ಳಿಯೂ ಅದೇ. ತಂಡಕ್ಕೆ ಬಂದು, ಕೆಲವು ವರ್ಷ ಹೊರಗುಳಿದು, 2017ರಲ್ಲಿ ಮತ್ತೆ ಒಳಗೆ ಬಂದವರು. 2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಗೆದ್ದ ದಿನ, ಆಟ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತ್ತಲ್ಲ, ನೆನಪಿದೆಯೇ? ಶ್ರೀಜೇಶ್ ತಡೆದದ್ದು ಎಲ್ಲರಿಗೂ ನೆನಪಿದೆ. ಆ ತಂಡದಲ್ಲೂ ರೋಹಿದಾಸ್ ಇದ್ದರು ಅನ್ನುವುದು ಎಷ್ಟು ಜನಕ್ಕೆ ನೆನಪಿದೆ?

ಇನ್ನೊಬ್ಬರ ಜಾಗದಲ್ಲಿ ನಿಂತವರು

ಇನ್ನು ಮನ್‌ಪ್ರೀತ್ ಸಿಂಗ್. ಪಂಜಾಬಿನ ಜಲಂಧರ್ ಬಳಿಯ ಮೀಠಾಪುರದವರು. 2012ರಿಂದ 2024ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದವರು. ಟೋಕಿಯೊದಲ್ಲಿ ಕಂಚು ಬಂದಾಗ ಅವರೇ ನಾಯಕರು. ಅವರ ಜಾಗ ಮೈದಾನದ ನಡುಭಾಗ. ಹಿಂದಿನಿಂದ ಚೆಂಡು ತಂದು ಮುಂದಿನವರಿಗೆ ಕೊಡುವುದು ಅವರ ಕೆಲಸ. ಆವತ್ತು ಕೆಂಪು ಕಾರ್ಡು ಬಿದ್ದ ಕೂಡಲೇ ಅವರು ತಮ್ಮ ಕೆಲಸ ಬಿಟ್ಟು ಹಿಂದಕ್ಕೆ ಸರಿದು ರೋಹಿದಾಸ್ ಜಾಗ ತುಂಬಿದರು. ನಲವತ್ತಮೂರು ನಿಮಿಷ! ಇದು ಸಣ್ಣ ಮಾತಲ್ಲ. ಅಡುಗೆ ಭಟ್ಟರು ಬಾರದ ದಿನ ಮದುವೆ ಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆ ಮುಂದೆ ನಿಲ್ಲುವ ದೊಡ್ಡಮ್ಮನ ಹಾಗೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡಮ್ಮ ಒಲೆ ಮುಂದೆ ನಿಂತರೆ ಬಂದವರನ್ನು ಉಪಚರಿಸುವವರು ಯಾರು? ಮನ್‌ಪ್ರೀತ್ ಹಿಂದೆ ನಿಂತದ್ದರಿಂದ ನಡುವೆ ಜಾಗ ಖಾಲಿಯಾಯಿತು. ನಮ್ಮವರು ಎದುರಾಳಿಯ ಗೋಲಿನ ಬಳಿ ಹೋದದ್ದೇ ಅಪರೂಪವಾಯಿತು. ಬದಲಿ ನಿಂತವರ ಕೆಲಸಕ್ಕೆ ಬೆಲೆ ಇದೆ. ಆ ಬೆಲೆಯನ್ನು ಇನ್ನೊಂದು ಕಡೆ ತೆರಬೇಕಾಗುತ್ತದೆ.

ಎರಡು ದಿನ ಬಿಟ್ಟು ಆಗಸ್ಟ್ 6, ಮಂಗಳವಾರ, ಜರ್ಮನಿಯ ಮೇಲೆ ಸೆಮಿಫೈನಲ್. ನಮ್ಮಲ್ಲಿ ರಾತ್ರಿ ಹತ್ತೂವರೆಗೆ. ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ. ಹಾಕಿ ಇಂಡಿಯಾ ಮಾಡಿದ ಮನವಿ ತಿರಸ್ಕಾರವಾಗಿತ್ತು. ಹದಿನಾರು ಜನರ ತಂಡದಲ್ಲಿ ಹದಿನೈದೇ ಜನ. ಏಳನೆಯ ನಿಮಿಷಕ್ಕೇ ಹರ್ಮನ್‌ಪ್ರೀತ್ ಗೋಲು ಹೊಡೆದರು. ಹದಿನೆಂಟನೆಯ ನಿಮಿಷಕ್ಕೆ ಜರ್ಮನಿಗೆ ಪೆನಾಲ್ಟಿ ಕಾರ್ನರ್. ಗೊನ್ಸಾಲೊ ಪೆಯ್ಯಾಟ್ ಹೊಡೆದರು, ಗೋಲು! ಆಮೇಲೆ ಒಂದು ಪೆನಾಲ್ಟಿ ಸ್ಟ್ರೋಕು, ಕೊನೆಯಲ್ಲಿ ಇನ್ನೊಂದು ಗೋಲು. 3-2ರಲ್ಲಿ ಸೋತೆವು.

ಮಧ್ಯರಾತ್ರಿ ದಾಟಿದ ಮೇಲೆ ತಮ್ಮ ಫೋನು ಮಾಡಿದ. "ಅಕ್ಕಾ, ರೋಹಿದಾಸ್ ಇದ್ದಿದ್ರೆ ಗೆಲ್ತಿದ್ವಿ!"

ಎರಡೇ ದಿನಕ್ಕೆ ಮಾತು ತಲೆಕೆಳಗು, ನೋಡಿ! ಭಾನುವಾರ ರೋಹಿದಾಸ್ ಬೇಡವಾಗಿದ್ದರು. ಮಂಗಳವಾರ ಅವರೇ ಎಲ್ಲ.

ನನಗೆ ಇವೆರಡೂ ತಪ್ಪು ಲೆಕ್ಕವೆನಿಸಿತು. ಪೆಯ್ಯಾಟ್ ಎಂದರೆ ಸಾಮಾನ್ಯರಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾ ಪರ ಹನ್ನೊಂದು ಗೋಲು ಹೊಡೆದು ಚಿನ್ನ ಗೆದ್ದವರು. ಆಮೇಲೆ ಜರ್ಮನಿ ಸೇರಿದವರು. 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಮೂರು ಗೋಲು ಹೊಡೆದವರು. ರೋಹಿದಾಸ್ ಇದ್ದಿದ್ದರೂ ಆ ಚೆಂಡು ಒಳಗೆ ಹೋಗಬಹುದಿತ್ತು. ಹಾಗೆಯೇ ಬ್ರಿಟನ್ ಎದುರು ಕಾರ್ನರುಗಳು ಗೋಲಾಗದೆ ಹೋದದ್ದು ಮನ್‌ಪ್ರೀತ್ ಒಬ್ಬರಿಂದಲ್ಲ. ಐವರೂ ದುಡಿದದ್ದು, ಶ್ರೀಜೇಶ್ ನಿಂತದ್ದು. ಒಂದು ಆಟ ನೋಡಿ ಒಬ್ಬರ ಬೆಲೆ ಕಟ್ಟಲಾಗುವುದಿಲ್ಲ.

ಹಾಗಾದರೆ ಹೇಗೆ ಕಟ್ಟುವುದು? ಕೆನಡಾ, ಅಮೆರಿಕಾ ಕಡೆ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರೆ. ಅಲ್ಲಿ ತಪ್ಪು ಮಾಡಿದವರನ್ನು ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಆ ಹೊತ್ತು ಒಬ್ಬರು ಕಡಿಮೆ ಇದ್ದು ಗೋಲಾಗದಂತೆ ಕಾಯುವುದಕ್ಕೆ 'ಪೆನಾಲ್ಟಿ ಕಿಲ್' ಅಂತಲೇ ಹೆಸರಿದೆ. ನೂರಕ್ಕೆ ಎಷ್ಟು ಸಲ ತಡೆದರು ಎಂದು ಲೆಕ್ಕ ಇಡುತ್ತಾರೆ. ಅದಕ್ಕೆಂದೇ ಇಳಿಸುವ ಆಟಗಾರರಿರುತ್ತಾರೆ. ಟೀವಿಯಲ್ಲಿ ನಮ್ಮ ಹಾಕಿ ನೋಡುವಾಗ ಗೋಲು ಹೊಡೆದವರ ಹೆಸರು, ನಿಮಿಷ ಬರುತ್ತದೆ. ಓಡಿ ಹೋಗಿ ಒಂದು ಬದಿ ಮುಚ್ಚಿದ್ದರಿಂದ ಆಗದೆ ಹೋದ ಗೋಲಿಗೆ ಯಾವ ಹೆಸರೂ ಬರುವುದಿಲ್ಲ. ಆಗದೇ ಹೋದದ್ದನ್ನು ಬರೆಯುವುದು ಹೇಗೆ?

ಇದು ನಮ್ಮ ಮನೆಯ ಮಾತು

ಸೋದರಿಯರೇ, ಈ ಪ್ರಶ್ನೆ ನನ್ನನ್ನು ಇಷ್ಟು ಕಾಡಿದ್ದಕ್ಕೆ ಕಾರಣ ಬೇರೆಯೇ ಇದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮ ಅತ್ತೆಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಬೇಕು. ಹನ್ನೊಂದು ವರ್ಷ ಅದನ್ನೆಲ್ಲ ನೋಡಿಕೊಂಡವರು ನನ್ನ ಓರಗಿತ್ತಿ. ಆ ವರ್ಷ ಜೂನ್ ತಿಂಗಳಿನಲ್ಲಿ ಅವರು ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಆರು ವಾರ ಕಟ್ಟು. ಅತ್ತೆಯ ಜವಾಬ್ದಾರಿ ನನಗೆ ಬಂತು.

ಬಂದ ನೆಂಟರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. "ಮೇಲಿನ ಮನೆ, ಕೆಳಗಿನ ಮನೆ ಎರಡನ್ನೂ ತೂಗಿಸ್ತಾಳಪ್ಪ!" ಅಂದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ. ಓರಗಿತ್ತಿಯನ್ನು ಹನ್ನೊಂದು ವರ್ಷದಲ್ಲಿ ಯಾರಾದರೂ ಹಾಗೆ ಹೊಗಳಿದ್ದರೇ? ಇಲ್ಲ. ಅದರ ಬದಲು, ಎರಡು ವರ್ಷದ ಹಿಂದೆ ಒಂದು ಉಪನಯನದ ಮನೆಯಲ್ಲಿ ಅವರು ಸುಸ್ತಾಗಿ ಹತ್ತು ಜನರ ಎದುರು ಅತ್ತೆಯ ಮೇಲೆ ರೇಗಿದ್ದರು. ಆ ಒಂದು ಮಾತನ್ನು ನೆಂಟರು ಇನ್ನೂ ಮರೆತಿರಲಿಲ್ಲ. ಅದೇ ಅವರ ಕೆಂಪು ಕಾರ್ಡು.

ಓರಗಿತ್ತಿ ದಿನವೂ ಅತ್ತೆ ಮಲಗುವ ಮೊದಲು ಒಂದು ಲೋಟ ಹಾಲು, ಎರಡು ಬಿಸ್ಕತ್ತು ಕೊಡುತ್ತಿದ್ದರಂತೆ. ನನಗೆ ಅದು ಬೇಡದ ಉಪಚಾರ ಅನ್ನಿಸಿತು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಬಿಸ್ಕತ್ತು ಯಾಕೆ ಅಂತ ನಿಲ್ಲಿಸಿದೆ. ಅವರನ್ನು ಕೇಳಲೂ ಇಲ್ಲ. ಮೂರನೆಯ ರಾತ್ರಿ, ಸುಮಾರು ಮೂರು ಗಂಟೆಗೆ, ಅತ್ತೆ ಬೆವರಿ ನಡುಗುತ್ತಾ ಮಂಚದಿಂದ ಕೆಳಗೆ ಜಾರಿದ್ದರು. ಅದೇ ಕೋಣೆಯಲ್ಲಿ ಮಲಗಿದ್ದ ನನಗೆ ಎಚ್ಚರವೇ ಇಲ್ಲ. ಪಕ್ಕದ ಕೋಣೆಯಿಂದ ಓರಗಿತ್ತಿ ಎದ್ದು ಬಂದು, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸಕ್ಕರೆ ನೀರು ಕಲಸಿ ಕುಡಿಸಿದರು. ಅತ್ತೆ ಚೇತರಿಸಿಕೊಂಡರು. ರಾತ್ರಿ ಸಕ್ಕರೆ ತೀರಾ ಇಳಿಯದಿರಲಿ ಅಂತ ಡಾಕ್ಟರೇ ಆ ಹಾಲು ಬಿಸ್ಕತ್ತು ಹೇಳಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಇದು ನಮ್ಮ ಅತ್ತೆಗೆ ಅವರ ಡಾಕ್ಟರು ಹೇಳಿದ ಕ್ರಮ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ, ನನ್ನ ಹಾಗೆ ಸ್ವಂತ ಬುದ್ಧಿ ಓಡಿಸಬೇಡಿ.

ಹನ್ನೊಂದು ವರ್ಷ ಏನೂ ಆಗಲಿಲ್ಲ ಎಂದರೆ ಅದು ತಾನಾಗಿ ಆಗದೆ ಉಳಿದದ್ದಲ್ಲ. ಒಬ್ಬರು ದಿನವೂ ಎದ್ದು ಓಡಿ ತಡೆದದ್ದು.

ಬೆಳಿಗ್ಗೆ ಓರಗಿತ್ತಿ ಯಾರಿಗೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನೆಂಟರು ನನ್ನನ್ನು ಹೊಗಳುತ್ತಲೇ ಇದ್ದರು, ನಾನು ಕೇಳುತ್ತಲೇ ಇದ್ದೆ. ಹೀಗೆ ಜುಲೈ ಕಳೆಯಿತು. ಆಗಸ್ಟ್ ನಾಲ್ಕರಂದು ತಮ್ಮ "ಅವನಿಲ್ದೇನೂ ನಡೀತು" ಅಂದಾಗ ಕೈಯಲ್ಲಿದ್ದ ಸೌಟು ನಡುಗಿತು.

ನನ್ನ ತೀರ್ಮಾನ

ಇಬ್ಬರಲ್ಲಿ ಯಾರ ಬೆಲೆ ಹೆಚ್ಚು ಅಂತ ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಒಂದು ಸಂಜೆಯ ಕಷ್ಟಕ್ಕೆ ಮನ್‌ಪ್ರೀತ್ ಅಂಥವರು ಬೇಕು. ಹೇಳಿದ ಕೂಡಲೇ ಯಾವ ಜಾಗಕ್ಕಾದರೂ ಸರಿಯುವ ಮನಸ್ಸು, ಕಾಲಿನ ಬಲ, ಅನುಭವ ಎಲ್ಲ ಬೇಕು. ಆದರೆ ಪೆನಾಲ್ಟಿ ಕಾರ್ನರ್ ತಡೆಯುವುದೊಂದನ್ನೇ ಹಿಡಿದು ನೋಡಿದರೆ ರೋಹಿದಾಸ್ ಅವರ ತೂಕವೇ ಹೆಚ್ಚು. ಯಾವ ಕೋನದಲ್ಲಿ ಓಡಿದರೆ ಯಾವ ಬದಿ ಮುಚ್ಚುತ್ತದೆ, ತನ್ನ ಹಿಂದಿರುವ ಗೋಲಿ ಯಾವ ಬದಿ ನೋಡಿಕೊಳ್ಳುತ್ತಾನೆ ಅನ್ನುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ನಮ್ಮ ಬನಶಂಕರಿಯಿಂದ ಬಹಳ ದೂರವಿಲ್ಲದ ಜ್ಞಾನಭಾರತಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಭಾರತ ತಂಡಗಳ ಶಿಬಿರ ನಡೆಯುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಗಂಡಸರ, ಹೆಂಗಸರ ಎರಡು ತಂಡಗಳೂ ತಿಂಗಳುಗಟ್ಟಲೆ ಅಲ್ಲಿಯೇ ಉಳಿದಿದ್ದವು. ನಾವು ಮನೆಯಲ್ಲಿ ಕೂತು ಹಪ್ಪಳ ಒತ್ತುತ್ತಿದ್ದಾಗ ಅವರು ಅಲ್ಲೇ ಇದ್ದರು. ನಮ್ಮ ಹೆಣ್ಣುಮಕ್ಕಳೇನೂ ಕಡಿಮೆಯಿಲ್ಲ. 2021ರ ಆಗಸ್ಟ್ 2ರಂದು ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಸೋಲಿಸಿದರಲ್ಲ, ಆವತ್ತು ಗುರ್ಜಿತ್ ಕೌರ್ ಹೊಡೆದ ಗೋಲು ಒಂದೇ. ಆಸ್ಟ್ರೇಲಿಯಾದ ಪೆನಾಲ್ಟಿ ಕಾರ್ನರುಗಳನ್ನು ಗೋಲಿ ಸವಿತಾ ಮತ್ತು ಮುಂದೆ ಓಡಿದ ಹುಡುಗಿಯರು ಕಾಯ್ದದ್ದು ಎಷ್ಟು ಸಲ!

ಹಾಗಂತ ಕೆಂಪು ಕಾರ್ಡನ್ನು ನಾನು ಮರೆಸುತ್ತಿಲ್ಲ. ಬೇಕೆಂದು ಮಾಡದಿದ್ದರೂ ಕೋಲು ಎತ್ತಿದ್ದು ಅವರದೇ ಕೈ. ಅದರಿಂದ ತಂಡಕ್ಕೆ ನಲವತ್ತಮೂರು ನಿಮಿಷ ಮತ್ತು ಒಂದು ಸೆಮಿಫೈನಲಿನ ಕಷ್ಟ ಬಂತು. ಲೆಕ್ಕದಲ್ಲಿ ಅದನ್ನೂ ಬರೆಯಬೇಕು. ಆದರೆ ಅದೊಂದನ್ನೇ ಬರೆದು ಪುಸ್ತಕ ಮುಚ್ಚಬಾರದು.

ಮುಂದಿನ ಸಲ ಟೀವಿಯಲ್ಲಿ ಹಾಕಿ ಬಂದಾಗ ನೀವೇ ನೋಡಿ. ಪೆನಾಲ್ಟಿ ಕಾರ್ನರ್ ಸಿಕ್ಕಿದ ಕೂಡಲೇ ಹೊಡೆಯುವವರನ್ನು ಬಿಟ್ಟು, ಗೋಲಿನ ಒಳಗೆ ಮುಖವಾಡ ಕಟ್ಟಿಕೊಳ್ಳುತ್ತಿರುವವರ ಕಡೆ ಕಣ್ಣಿಡಿ. ಮೊದಲು ಹೊರಟವರು ಯಾರು ಅಂತ ಗುರುತಿಸಿ. ಚೆಂಡು ಅವರ ಕೋಲಿಗೆ ತಗುಲದಿದ್ದರೂ, ಹೊಡೆಯುವವರು ಅವರಿಗೆ ಹೆದರಿ ಬೇರೆ ಬದಿಗೆ ಎಸೆದರೇ ನೋಡಿ. ಎರಡು ಮೂರು ಸಲ ನೋಡಿದರೆ ಗೊತ್ತಾಗಿಬಿಡುತ್ತದೆ, ಕಷ್ಟವೇನಿಲ್ಲ.

ನಾಗರ ಪಂಚಮಿಯ ಹಿಂದಿನ ದಿನ

ಆಗಸ್ಟ್ 8, ಗುರುವಾರ, ಸಂಜೆ ಐದೂವರೆಗೆ ಸ್ಪೇನ್ ಮೇಲೆ ಕಂಚಿನ ಪಂದ್ಯ. ಮಾರನೆಯ ದಿನ ನಾಗರ ಪಂಚಮಿ. ನಾನು ಎಳ್ಳು, ಬೆಲ್ಲ, ತಂಬಿಟ್ಟಿನ ಸಾಮಾನು ಎಲ್ಲ ಹೊತ್ತುಕೊಂಡು ಕೆಳಗಿನ ಮನೆಗೇ ಹೋದೆ. ಓರಗಿತ್ತಿಯ ಕೈಕಟ್ಟು ಬಿಚ್ಚಿ ಕೆಲವು ದಿನವಾಗಿತ್ತು. ಇಬ್ಬರೂ ಕೆಲಸ ಮಾಡುತ್ತಾ ಟೀವಿ ಹಾಕಿಕೊಂಡೆವು. ಅತ್ತೆ ಮಂಚದ ಮೇಲೆ, ಭಾವನವರು, ನಮ್ಮ ಯಜಮಾನರು ಕುರ್ಚಿಯಲ್ಲಿ.

ರೋಹಿದಾಸ್ ತಂಡಕ್ಕೆ ಮರಳಿದ್ದರು. ಸ್ಪೇನ್ ಪೆನಾಲ್ಟಿ ಸ್ಟ್ರೋಕಿನಲ್ಲಿ ಒಂದು ಗೋಲು ಹೊಡೆಯಿತು. ಹರ್ಮನ್‌ಪ್ರೀತ್ ಎರಡು ಹೊಡೆದರು. 2-1. ಕೊನೆಯ ನಿಮಿಷದಲ್ಲಿ ಸ್ಪೇನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿದಾಗ ಮನೆಯಲ್ಲಿ ಉಸಿರು ಬಿಡುವವರಿಲ್ಲ. ಅದೂ ಗೋಲಾಗಲಿಲ್ಲ. ಸ್ಪೇನಿನ ಯಾವ ಪೆನಾಲ್ಟಿ ಕಾರ್ನರೂ ಆವತ್ತು ಗೋಲಾಗಲಿಲ್ಲ. ಕಂಚು ನಮ್ಮದಾಯಿತು. ಶ್ರೀಜೇಶ್ ಅವರ ಕೊನೆಯ ಆಟವೂ ಅದೇ.

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ ನಾನು ಆ ರಾತ್ರಿಯ ಮಾತು ಹೇಳಿಬಿಟ್ಟೆ. ಹಾಲು ನಿಲ್ಲಿಸಿದವಳು ನಾನು, ನಿದ್ದೆ ಮಾಡಿದವಳು ನಾನು, ಉಳಿಸಿದವರು ಇವರು. ಹನ್ನೊಂದು ವರ್ಷದಿಂದ ಉಳಿಸುತ್ತಿರುವವರೂ ಇವರೇ. ಭಾವನವರು ಸುಮ್ಮನೆ ಹೆಂಡತಿಯ ಕಡೆ ನೋಡಿದರು. ಅತ್ತೆ "ನಂಗೆ ಗೊತ್ತಿತ್ತಲ್ಲೇ" ಅಂದರು. ಗೊತ್ತಿತ್ತು, ಹೇಳಿರಲಿಲ್ಲ!

ಓರಗಿತ್ತಿ ತಲೆ ಎತ್ತಲಿಲ್ಲ. "ಬಾಣಲೆ ನೋಡು, ಎಳ್ಳು ಸೀದೀತು" ಅಂದರು. ಆದರೆ ಅವರ ಕಣ್ಣಲ್ಲಿ ನೀರಿತ್ತು. ಈಗ ನೆಂಟರು ಬಂದು ನನ್ನನ್ನು ಹೊಗಳಿದರೆ ಆ ಮಾತನ್ನು ಅವರ ಕಡೆ ತಿರುಗಿಸುತ್ತೇನೆ. ಉಪನಯನದ ಮನೆಯ ಕಥೆ ಎತ್ತಿದರೆ ಹಾಲಿನ ಲೋಟದ ಕಥೆಯನ್ನೂ ಹೇಳುತ್ತೇನೆ.

2025ರ ಸೆಪ್ಟೆಂಬರ್ 7ರಂದು ಬಿಹಾರದ ರಾಜ್‌ಗೀರ್‌ನಲ್ಲಿ ಏಷ್ಯಾ ಕಪ್ ಫೈನಲಿನಲ್ಲಿ ನಮ್ಮವರು ಕೊರಿಯಾವನ್ನು 4-1ರಿಂದ ಸೋಲಿಸಿದರು. ನಾಲ್ಕನೆಯ ಗೋಲು ಹೊಡೆದವರು ಯಾರು ಗೊತ್ತೇ? ಅಮಿತ್ ರೋಹಿದಾಸ್! ಟೀವಿಯಲ್ಲಿ ಅವರ ಹೆಸರು ಬಂದಾಗ ತಮ್ಮ ಫೋನು ಮಾಡಿ "ನೋಡಿದ್ಯಾ ಅಕ್ಕಾ, ನಿಮ್ಮೋನು ಗೋಲು ಹೊಡೆದ" ಅಂದ. "ಹೊಡೆದದ್ದು ಈಗ ನೋಡಿದೆ ನೀನು, ತಡೆದದ್ದನ್ನು ಎಷ್ಟು ಸಲ ನೋಡಿದ್ದೀಯಾ?" ಅಂದೆ. ನಕ್ಕು ಸುಮ್ಮನಾದ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ರಾತ್ರಿ ಗ್ಯಾಸಿನ ತಿರುಪು ನೋಡಿ ಮಲಗುವವರು, ಮಗುವಿನ ಕೈಗೆ ಸಿಗದಂತೆ ಮಾತ್ರೆ ಎತ್ತಿಡುವವರು, ಹೊಸ್ತಿಲ ಬಳಿ ಚೆಲ್ಲಿದ ನೀರನ್ನು ಯಾರೂ ಜಾರುವ ಮೊದಲೇ ಒರೆಸುವವರು. ಆ ಕೆಲಸ ಮಾಡುವವರು ನೀವೇ ಆಗಿದ್ದರೆ ನಿಮಗೆ ನನ್ನ ನಮಸ್ಕಾರ. ಬೇರೆಯವರಾಗಿದ್ದರೆ, ಅವರ ಕೈ ಮುರಿಯುವವರೆಗೆ ಕಾಯಬೇಡಿ. ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ, ಎಲ್ಲರಿಗೂ ಕೇಳಿಸುವ ಹಾಗೆ ಒಂದು ಮಾತು ಹೇಳಿಬಿಡಿ.